ಗಾಡಿ ಓಡಬೇಕಾದರೆ ಮೊದಲು ನಿಲ್ಲಲು ಜಾಗ ಬೇಕು

ರೈಲ್ವೆ ಸಚಿವರು ಬೆಳಗಾವಿಗೆ ಬಂದರೂ, ನೈಋತ್ಯ ರೈಲ್ವೆಯ ಜನರಲ್ ಮ್ಯಾನೇಜರ್ ವಿಜಯಪುರ, ಬಾಗಲಕೋಟೆ ಕಡೆ ತಪಾಸಣೆಗೆ ಇಳಿದರೂ ಅವರ ಕೈ ಸೇರುವ ಮನವಿಪತ್ರಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಹೊಸ ಗಾಡಿ ಬಿಡಿ. ಇದ್ದ ಗಾಡಿಯನ್ನು ನಮ್ಮ ಊರಿನ ತನಕ ವಿಸ್ತರಿಸಿ. ನಮ್ಮ ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಲ್ಲಿಸಿ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಬೆಂಗಳೂರಿಗೆ ಹೋಗಿ ಬರಲು ರಾತ್ರಿಯಿಡೀ ಪ್ರಯಾಣ ಮಾಡುವ ಈ ಮೂರು ಜಿಲ್ಲೆಗಳ ಜನ ಕೇಳಬೇಕಾದದ್ದನ್ನೇ ಕೇಳುತ್ತಿದ್ದಾರೆ. ಆದರೆ ಆ ಮನವಿಗಳಲ್ಲಿ ಕಾಣದ ಕೆಲವು ಬೇಡಿಕೆಗಳಿವೆ. ನಮ್ಮ ಸ್ಟೇಷನ್ನಿಗೆ ಇನ್ನೊಂದು ಲೂಪ್ ಲೈನ್ ಹಾಕಿ, ಗಾಡಿ ತೊಳೆದು ತಪಾಸಣೆ ಮಾಡುವ ಪಿಟ್ ಲೈನ್ ಕೊಡಿ, ಗೂಡ್ಸ್ ಶೆಡ್ಡಿನ ಹಳಿಯನ್ನು ಪೂರ್ತಿ ರೇಕು, ಅಂದರೆ ಒಂದು ಗಾಡಿಯ ಇಡೀ ವ್ಯಾಗನ್ ಸಾಲು, ಹಿಡಿಯುವಷ್ಟು ಉದ್ದ ಮಾಡಿ ಎಂದು ಕೇಳುವವರು ವಿರಳ. ಮೊದಲು ಹೇಳಿದ ಬೇಡಿಕೆಗಳು ಈಡೇರುವುದು ಬಿಡುವುದು ಬಹುಪಾಲು ನಿಂತಿರುವುದೇ ಈ ಎರಡನೆಯ ಪಟ್ಟಿಯ ಮೇಲೆ.

ರೈಲಿನ ವೇಗದ ಬಗ್ಗೆ ಮಾತಾಡುವಾಗ ನಾವು ಎಂಜಿನ್ನು, ಬೋಗಿ, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದನ್ನೇ ನೋಡುತ್ತೇವೆ. ಗಾಡಿ ತಡವಾಗುವುದು ಮಾತ್ರ ಸಾಮಾನ್ಯವಾಗಿ ಓಡುವಾಗಲ್ಲ, ನಿಲ್ಲುವಾಗ. ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು, ಖಾಲಿಯಾದ ಮೇಲೆ ಎಲ್ಲಿ ಸರಿದು ನಿಲ್ಲಬೇಕು, ಎಲ್ಲಿ ತೊಳೆಸಿಕೊಂಡು ತಪಾಸಣೆ ಮಾಡಿಸಿಕೊಳ್ಳಬೇಕು ಎಂಬುದಕ್ಕೆ ಉತ್ತರ ಇರುವುದು ಸ್ಟೇಷನ್ನಿನ ಎರಡೂ ತುದಿಯಲ್ಲಿ ಹರಡಿರುವ, ಪ್ರಯಾಣಿಕರು ಕಿಟಕಿಯಿಂದ ಒಮ್ಮೆ ನೋಡಿ ಮರೆಯುವ ಯಾರ್ಡಿನಲ್ಲಿ.

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ರಾಯಬಾಗ ಸೀಮೆಯ ಹೊಲದ ದಾರಿಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ಎದುರಿನಿಂದ ಇನ್ನೊಂದು ಬಂದರೆ, ಎಲ್ಲಾದರೂ ದಾರಿ ಅಗಲವಾದ ಕಡೆ ಒಬ್ಬ ಸರಿದು ನಿಲ್ಲಬೇಕು. ಅಂಥ ಜಾಗ ಒಂದು ಮೈಲಿ ಹಿಂದೆ ಇದ್ದರೆ ಅಷ್ಟೂ ಹೊತ್ತು ಇಬ್ಬರದೂ ಹಾಳು. ಒಂಟಿ ಹಳಿಯ ರೈಲು ಮಾರ್ಗದಲ್ಲಿ ಆ ಅಗಲವಾದ ಜಾಗವೇ ಲೂಪ್ ಲೈನ್. ಮೇನ್ ಲೈನಿನಿಂದ ಕವಲೊಡೆದು, ಅದರ ಪಕ್ಕದಲ್ಲೇ ಮುಕ್ಕಾಲು ಕಿಲೋಮೀಟರ್ ಸಾಗಿ ಮತ್ತೆ ಅದನ್ನೇ ಕೂಡುವ ಹಳಿ.

ಆ ಕೂಡುವ ಜಾಗದ ಹತ್ತಿರ, ಎರಡು ಹಳಿಗಳ ನಡುವೆ, ನೆಲಮಟ್ಟದಲ್ಲಿ ಸುಣ್ಣ ಬಳಿದ ಒಂದು ಅಡ್ಡ ಕಲ್ಲಿರುತ್ತದೆ. ಎಫ್‌ಎಂ ಎಂದು ಬರೆದಿರುತ್ತಾರೆ, ಫೌಲಿಂಗ್ ಮಾರ್ಕ್ ಎಂದು ಅದರ ಹೆಸರು. ಲೂಪಿನಲ್ಲಿ ನಿಂತ ಗಾಡಿಯ ಕೊನೆಯ ಬೋಗಿ ಆ ಕಲ್ಲಿನ ಒಳಗಿರಬೇಕು. ಅದರಾಚೆ ಹೊರಚಾಚಿದರೆ ಮೇನ್ ಲೈನಿನಲ್ಲಿ ಬರುವ ಗಾಡಿಗೆ ಬಡಿಯುವ ಅಪಾಯವಿದೆ. ಆದ್ದರಿಂದ ಸ್ಟೇಷನ್ನಿನ ಶಕ್ತಿಯನ್ನು ಪ್ಲಾಟ್‌ಫಾರ್ಮಿನ ಉದ್ದದಿಂದ ಅಳೆಯಲಾಗುವುದಿಲ್ಲ. ಒಂದು ತುದಿಯ ಕಲ್ಲಿನಿಂದ ಇನ್ನೊಂದು ತುದಿಯ ಸಿಗ್ನಲ್ಲಿನ ತನಕ ಎಷ್ಟು ಉದ್ದದ ಗಾಡಿ ಕ್ಷೇಮವಾಗಿ ಹಿಡಿಯುತ್ತದೆ ಎಂಬುದೇ ಲೆಕ್ಕ. ಭಾರತೀಯ ರೈಲ್ವೆಯಲ್ಲಿ ಈ ಉದ್ದದ ಹಳೆಯ ಮಾನ 686 ಮೀಟರ್. ಈಗ ಹೊಸ ಲೂಪುಗಳಿಗೆ 750 ಮೀಟರ್. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ಒಂದಕ್ಕೆ ಹತ್ತಿರಹತ್ತಿರ 10.7 ಮೀಟರ್ ಉದ್ದ. 58 ವ್ಯಾಗನ್‌ಗಳ ಒಂದು ರೇಕು 620 ಮೀಟರ್ ದಾಟುತ್ತದೆ. ಅದರ ಮೇಲೆ ಎಂಜಿನ್ನು, ಬ್ರೇಕ್ ವ್ಯಾನು. ಹಳೆಯ ಲೂಪಿನಲ್ಲಿ ಮಿಗುವುದು ಅಂಗೈಯಗಲದ ಜಾಗ. ಎರಡು ರೇಕು ಜೋಡಿಸಿ ಒಂದೇ ಗಾಡಿಯಾಗಿ ಓಡಿಸುವ ಪೈಥಾನ್ ಗಾಡಿಗಳಿಗೆ ಈ ಲೂಪುಗಳಲ್ಲಿ ಜಾಗವೇ ಇಲ್ಲ. ಅವು ಹೊರಟರೆ ದಾರಿಯಲ್ಲಿ ಎಲ್ಲೂ ಸರಿದು ನಿಲ್ಲಲಾರವು, ಉಳಿದವರೇ ಅವಕ್ಕೆ ದಾರಿ ಬಿಡಬೇಕು.

ನಮ್ಮ ಕಡೆ ಗಾಡಿ ಊರ ಹೊರಗೆ ಸುಮ್ಮನೆ ನಿಂತಾಗ ಯಾರಾದರೂ ಕೇಳಿದರೆ ಬರುವ ಉತ್ತರ ಎರಡೇ. ಒಂದು, “ಕ್ರಾಸಿಂಗ್ ಐತ್ರಿ.” ಇನ್ನೊಂದು, “ಔಟರ್‌ದಾಗ ನಿಂತೈತಿ.” ಈ ಎರಡನೆಯದರ ಕಾರಣ ಬಹಳ ಮಂದಿಗೆ ಗೊತ್ತಿಲ್ಲ. ಒಳಗೆ ಲೂಪ್ ಖಾಲಿ ಇದೆ, ಪ್ಲಾಟ್‌ಫಾರ್ಮ್ ಕಾಣುತ್ತಿದೆ, ಆದರೂ ಸ್ಟೇಷನ್ನಿನೊಳಗೆ ಬಿಡುವ ಹೋಮ್ ಸಿಗ್ನಲ್ ಕೆಂಪು. ಸಿಟ್ಟು ಬರುವುದು ಸಹಜ. ಆದರೆ ಎದುರಿನಿಂದ ಇನ್ನೊಂದು ಗಾಡಿ ಅದೇ ಹೊತ್ತಿಗೆ ಒಳಬರುತ್ತಿರುತ್ತದೆ. ಅದರ ಚಾಲಕ ನಿಲ್ಲಬೇಕಾದ ಸಿಗ್ನಲ್ಲನ್ನು ಅಕಸ್ಮಾತ್ ತುಸು ದಾಟಿಬಿಟ್ಟರೂ ಅನಾಹುತ ಆಗಬಾರದೆಂದು ಸಿಗ್ನಲ್ಲಿನ ಆಚೆಗೆ 120 ಮೀಟರ್ ಹಳಿಯನ್ನು ಖಾಲಿ ಇಟ್ಟಿರಬೇಕು ಎಂಬ ನಿಯಮವಿದೆ. ಓವರ್‌ಲ್ಯಾಪ್ ಎನ್ನುತ್ತಾರೆ. ಸಣ್ಣ ಯಾರ್ಡಿನಲ್ಲಿ ಎರಡೂ ಕಡೆಯ ಗಾಡಿಗಳಿಗೆ ಬೇಕಾದ ಈ ಜಾಗ ಒಂದರ ಮೇಲೊಂದು ಬೀಳುತ್ತದೆ. ಹಾಗಾಗಿ ಸ್ಟೇಷನ್ ಮಾಸ್ತರರು ಮೊದಲು ಒಂದನ್ನು ಒಳತಂದು ನಿಲ್ಲಿಸಿ, ಅದು ನಿಂತಿದ್ದು ಖಾತ್ರಿಯಾದ ಮೇಲೆ ಎರಡನೆಯದಕ್ಕೆ ಸಿಗ್ನಲ್ ಕೊಡುತ್ತಾರೆ. ಲೂಪಿನ ತುದಿಯನ್ನು ಇನ್ನಷ್ಟು ಮುಂದಕ್ಕೆ ಎಳೆದು ಮರಳಿನ ದಿಬ್ಬದಲ್ಲಿ ಮುಗಿಯುವ ಒಂದು ಕುರುಡು ಹಳಿ ಸೇರಿಸಿದರೆ ಎರಡನ್ನೂ ಒಟ್ಟಿಗೆ ಒಳಬಿಡಬಹುದು. ಅಂಥ ಕುರುಡು ಹಳಿ ಯಾವ ಊರಿಗೂ ಹೋಗುವುದಿಲ್ಲ. ಹೊರಗೆ ಕಾಯುವ ಹತ್ತು ನಿಮಿಷವನ್ನು ಉಳಿಸುವುದೇ ಅದರ ಕೆಲಸ.

ಇನ್ನು ಲೂಪಿನೊಳಗೆ ಹೋಗುವ ವೇಗ. ಮೇನ್ ಲೈನಿನಿಂದ ಲೂಪಿಗೆ ತಿರುಗುವ ಪಾಯಿಂಟಿನ ಮೇಲೆ ಗಾಡಿ ಬಳುಕುತ್ತದೆ, ಅಲ್ಲಿ ವೇಗ ತಗ್ಗಿಸಲೇಬೇಕು. ಮೇನ್ ಲೈನಿನಿಂದ ಕಳಚಿದ ಹಳಿಗಳನ್ನೇ ಲೂಪಿಗೆ ಹಾಕುವ ರೂಢಿಯೂ ಇತ್ತು. ಹೀಗಾಗಿ ಎಷ್ಟೋ ವರ್ಷ ಲೂಪಿನ ವೇಗ ಗಂಟೆಗೆ 15 ಕಿ.ಮೀ. ಅಂದರೆ ನಿಮಿಷಕ್ಕೆ 250 ಮೀಟರ್. 650 ಮೀಟರಿನ ಗೂಡ್ಸ್ ಗಾಡಿಯ ಎಂಜಿನ್ ಪಾಯಿಂಟ್ ಮುಟ್ಟಿದಾಗಿನಿಂದ ಬಾಲ ದಾಟುವ ತನಕ ಎರಡೂವರೆ ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಮೇನ್ ಲೈನ್ ಅದರ ಹಿಡಿತದಲ್ಲೇ. ಪಾಯಿಂಟಿನ ವಿನ್ಯಾಸ ಬದಲಿಸಿ, ಲೂಪಿನ ಹಳಿ ಬಲಪಡಿಸಿ 30 ಕಿ.ಮೀ.ಗೆ ಏರಿಸಿದರೆ ಈ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ರೈಲ್ವೆ ಈ ಕೆಲಸವನ್ನು ದೇಶದುದ್ದಕ್ಕೂ ಮಾಡುತ್ತಿದೆ. ಉದ್ಘಾಟನೆ, ರಿಬ್ಬನ್ ಯಾವುದೂ ಇಲ್ಲದೆ ನಡೆಯುವ ಕೆಲಸ. ಬಾದಾಮಿಯಿಂದ ಇಂಡಿ ರೋಡ್ ತನಕ, ಖಾನಾಪುರದಿಂದ ಶೇಡಬಾಳ ತನಕ ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದು ನಿಮಿಷ ಉಳಿದರೆ ದಿನಕ್ಕೆ ಎಷ್ಟು ಹೊತ್ತು ಹಳಿ ಬಿಡುವಾಗುತ್ತದೆ ಎಂದು ಯೋಚಿಸಿ ನೋಡಿ.

ಸಣ್ಣ ಸ್ಟೇಷನ್ನುಗಳ ಬೆಲೆ ಗೊತ್ತಾಗುವುದು ಲೆಕ್ಕ ಹಾಕಿದಾಗ. ಒಂದು ಮಾರ್ಗದಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು ಎಂದು ಕಂಡುಕೊಳ್ಳಲು ರೈಲ್ವೆಯವರು ಸ್ಕಾಟ್ ಸೂತ್ರ ಎಂಬ ಸರಳ ಗಣಿತ ಬಳಸುತ್ತಾರೆ. ದಿನದ 1,440 ನಿಮಿಷಗಳನ್ನು, ಎರಡು ಸ್ಟೇಷನ್ನುಗಳ ನಡುವಿನ ಅತಿ ಉದ್ದದ ದಾರಿಯನ್ನು ನಿಧಾನದ ಗಾಡಿ ಕ್ರಮಿಸುವ ಹೊತ್ತು ಮತ್ತು ಲೈನ್ ಕ್ಲಿಯರ್ (ಗಾಡಿ ಬಿಡಲು ಮುಂದಿನ ಸ್ಟೇಷನ್ನಿನ ಅನುಮತಿ) ಕೊಟ್ಟು ತೆಗೆದುಕೊಳ್ಳುವ ಹೊತ್ತು ಇವೆರಡರ ಮೊತ್ತದಿಂದ ಭಾಗಿಸಬೇಕು. ಬಂದದ್ದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಮಾತ್ರ ನಂಬಬೇಕು, ಉಳಿದದ್ದು ರಿಪೇರಿಗೆ, ಎಡವಟ್ಟಿಗೆ. ಎರಡು ಸ್ಟೇಷನ್ನುಗಳ ನಡುವೆ ಗೂಡ್ಸ್ ಗಾಡಿಗೆ 20 ನಿಮಿಷ, ಲೈನ್ ಕ್ಲಿಯರಿಗೆ 5 ನಿಮಿಷ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಗಾಡಿ. ಈಗ ನಡುವಿನ ಒಂದು ಸಣ್ಣ ಸ್ಟೇಷನ್ನಿನ ಲೂಪಿನಲ್ಲಿ ಯಾವುದೋ ರೇಕು ಬಂದು ಕೂತುಬಿಟ್ಟಿತು, ಅಲ್ಲಿ ಕ್ರಾಸಿಂಗ್ ಆಗುವಂತಿಲ್ಲ. ದಾರಿ ದುಪ್ಪಟ್ಟಾಗಿ 40 ನಿಮಿಷ ಆಯಿತು. ಅದೇ ಸೂತ್ರದಲ್ಲಿ ದಿನಕ್ಕೆ 22 ಗಾಡಿ! ನಿಂಬಾಳದಂಥ, ಪಾಶ್ಚಾಪುರದಂಥ ಒಂದು ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆಸುವವರು ಎಷ್ಟೇ ಕಡಿಮೆ ಇರಲಿ, ಅಲ್ಲಿನ ಆ ಮುಕ್ಕಾಲು ಕಿಲೋಮೀಟರ್ ಹಳಿ ಇಡೀ ಮಾರ್ಗದ ಅರ್ಧ ಶಕ್ತಿಯನ್ನು ಹಿಡಿದಿಟ್ಟುಕೊಂಡಿರಬಲ್ಲದು. ಟಿಕೆಟ್ ಆದಾಯ ನೋಡಿ ಸ್ಟೇಷನ್ನಿನ ಮಹತ್ವ ಅಳೆಯುವುದು ತಪ್ಪು ಎಂದು ನಾನು ಹೇಳುವುದು ಈ ಕಾರಣಕ್ಕೆ.

“ಈಗ ಡಬಲ್ ಲೈನ್ ಆಗೇತಲ್ಲ, ಇನ್ನೆಲ್ಲಿಯ ಕ್ರಾಸಿಂಗ್?” ಎಂದು ಕೇಳುವವರಿದ್ದಾರೆ. ಲೋಂಡಾ-ಬೆಳಗಾವಿ-ಘಟಪ್ರಭಾ ಜೋಡಿ ಮಾರ್ಗವನ್ನು 2023ರ ಫೆಬ್ರವರಿ 27ರಂದು ಬೆಳಗಾವಿಯ ನವೀಕೃತ ನಿಲ್ದಾಣದ ಜೊತೆಗೆ ಪ್ರಧಾನಿ ಲೋಕಾರ್ಪಣೆ ಮಾಡಿದರು. ಆ ಮಾರ್ಗದ ವೆಚ್ಚ ಸುಮಾರು 930 ಕೋಟಿ ರೂಪಾಯಿ, ನಿಲ್ದಾಣದ್ದು ಸುಮಾರು 190 ಕೋಟಿ. ಗದಗ-ಹೊಟಗಿ ನಡುವಿನ 284 ಕಿ.ಮೀ. ಜೋಡಿ ಮಾರ್ಗದ ಕೆಲಸವೂ ತುಂಡು ತುಂಡಾಗಿ ಮುಗಿಯುತ್ತ ಬಂದಿದೆ. ಎರಡೂ ಕಡೆ ವಿದ್ಯುತ್ ತಂತಿ ಬಂದಿದೆ. ಎದುರು ಬದುರಾಗುವ ಗಾಡಿಗಳ ಕಾಟ ತಪ್ಪಿದ್ದು ನಿಜ, ಅದು ದೊಡ್ಡ ಲಾಭ. ಆದರೆ ಒಂದೇ ದಿಕ್ಕಿನಲ್ಲಿ ಹೋಗುವ ಗಾಡಿಗಳ ವೇಗ ಒಂದೇ ಇಲ್ಲವಲ್ಲ. ಸಾವಿರಾರು ಟನ್ ಹೊತ್ತ ಗೂಡ್ಸ್ ಮುಂದೆ, ಪ್ಯಾಸೆಂಜರ್ ಅದರ ಹಿಂದೆ, ಅದರ ಹಿಂದೆ ವಂದೇ ಭಾರತ್. ಹಿಂದಿನದು ಮುಂದಿನದನ್ನು ದಾಟಬೇಕಾದರೆ ಮುಂದಿನದು ಎಲ್ಲಾದರೂ ಲೂಪಿಗೆ ಸರಿಯಲೇಬೇಕು. ಒಂಟಿ ಹಳಿಯಲ್ಲಿ ಲೂಪ್ ಎದುರಾಗುವವರಿಗೆ ದಾರಿ ಬಿಡುವ ಜಾಗ, ಜೋಡಿ ಹಳಿಯಲ್ಲಿ ಹಿಂದಿನಿಂದ ಬರುವವರಿಗೆ. ವೇಗದ ಅಂತರ ಹೆಚ್ಚಿದಷ್ಟೂ ಲೂಪಿನ ಅಗತ್ಯ ಹೆಚ್ಚು. ವೇಗದ ಗಾಡಿಗಳನ್ನು ಸೇರಿಸುತ್ತ ಹೋಗಿ ಯಾರ್ಡುಗಳನ್ನು ಹಾಗೇ ಬಿಟ್ಟರೆ ಅದರ ಬೆಲೆ ತೆರುವವರು ಪ್ಯಾಸೆಂಜರ್ ಗಾಡಿಯಲ್ಲಿ ಕೂತ ನೌಕರರು, ವಿದ್ಯಾರ್ಥಿಗಳು, ಸಂತೆಗೆ ಹೊರಟವರು. ಲೂಪಿನಲ್ಲಿ ಕಾಯುವ ಪಾಳಿ ಯಾವಾಗಲೂ ಅವರದೇ.

ಈ ಮೂರು ಜಿಲ್ಲೆಗಳಲ್ಲಿ ಯಾರ್ಡಿನ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗುವುದು ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ. ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್, 800ರ ಮೂರು ಘಟಕಗಳು. ಮೂರೂ ಪೂರ್ತಿ ಉರಿದರೆ ದಿನಕ್ಕೆ 5.76 ಕೋಟಿ ಯೂನಿಟ್ ವಿದ್ಯುತ್. ಯೂನಿಟ್ಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೂ ದಿನಕ್ಕೆ 37 ಸಾವಿರ ಟನ್ ದಾಟುತ್ತದೆ. ಒಂದು ರೇಕಿನಲ್ಲಿ ಹೆಚ್ಚುಕಡಿಮೆ 3,800 ಟನ್ ಹಿಡಿಯುತ್ತದೆ ಎಂದರೆ ಹತ್ತು ರೇಕು. ಸ್ಥಾವರ ದಿನವೂ ಪೂರ್ತಿ ಉರಿಯುವುದಿಲ್ಲ, ಆದರೂ ಯೋಜನೆ ಹಾಕುವಾಗ ಈ ಲೆಕ್ಕವನ್ನೇ ಇಟ್ಟುಕೊಳ್ಳಬೇಕು. ಬಂದ ಹತ್ತು ರೇಕು ಖಾಲಿಯಾಗಿ ಮತ್ತೆ ಹೋಗಬೇಕು. ಅಲ್ಲಿಗೆ ಇಪ್ಪತ್ತು ಗಾಡಿ. ಗದಗ-ಹೊಟಗಿ ಮಾರ್ಗ ಜೋಡಿಯಾಗಲು ಎನ್‌ಟಿಪಿಸಿ ಕೂಡ ಹಣ ಹಾಕಿದ್ದು ಯಾಕೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಈಗ ಸ್ಥಾವರದ ಒಳಗಿನ ಹಳಿಗಳನ್ನು ಕಲ್ಪಿಸಿಕೊಳ್ಳಿ. ಬಾಕ್ಸ್‌ಎನ್ ವ್ಯಾಗನ್ನಿನಲ್ಲಿ ಬಂದ ಕಲ್ಲಿದ್ದಲನ್ನು ಟಿಪ್ಲರ್ ಎಂಬ ಯಂತ್ರ ಒಂದೊಂದೇ ವ್ಯಾಗನ್ನನ್ನು ಹಿಡಿದು ಬೋರಲು ಮಾಡಿ ಸುರಿಯುತ್ತದೆ. ತಳ ತೆರೆದುಕೊಳ್ಳುವ ವ್ಯಾಗನ್ ಆದರೆ ಹಳಿಯ ಕೆಳಗಿನ ಗುಂಡಿಗೆ ನಿಂತಲ್ಲೇ ಸುರಿದು ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಕಲ್ಲಿದ್ದಲು ನೆನೆದು ಅಂಟಿಕೊಂಡರೆ ಎರಡೂ ನಿಧಾನ. ಹೀಗೆ ಒಂದು ರೇಕು ಖಾಲಿಯಾಗುವುದು ನಾಲ್ಕು ತಾಸು ತಡವಾಯಿತು ಎಂದರೆ ಅದರ ಹಿಂದಿನ ರೇಕು ಒಳಗೆ ಬರುವಂತಿಲ್ಲ. ಅದು ಹೊರಗಿನ ಸ್ಟೇಷನ್ನಿನ ಲೂಪಿನಲ್ಲಿ ನಿಲ್ಲುತ್ತದೆ. ಅದರ ಹಿಂದಿನದು ಅದಕ್ಕೂ ಹಿಂದಿನ ಸ್ಟೇಷನ್ನಿನಲ್ಲಿ. ಅಷ್ಟರಲ್ಲಿ ಚಾಲಕನ ಡ್ಯೂಟಿ ತಾಸು ಮುಗಿಯುತ್ತದೆ, ಹೊಸ ಚಾಲಕ ಬರುವ ತನಕ ಗಾಡಿ ಅಲುಗದು. ಮೇಲೆ ಹೇಳಿದ ಸ್ಕಾಟ್ ಸೂತ್ರದ ನಲವತ್ತು ಇಪ್ಪತ್ತೆರಡಾಗುವುದು ಹೀಗೇ. ಕಾರ್ಖಾನೆಯ ಬೇಲಿಯೊಳಗಿನ ಸೈಡಿಂಗ್ ಅದರ ಖಾಸಗಿ ವಿಷಯ ಎಂದು ತೋರುತ್ತದೆ. ಅದು ಸಾಲದಾದಾಗ ತಡವಾಗುವುದು ಮಾತ್ರ ಮೈಸೂರಿಗೆ ಹೊರಟ ಗೋಲಗುಂಬಜ್ ಎಕ್ಸ್‌ಪ್ರೆಸ್ಸು. ಆದ್ದರಿಂದ ದೊಡ್ಡ ಕಾರ್ಖಾನೆಗೆ ಅನುಮತಿ ಕೊಡುವಾಗ ಅದರ ಸೈಡಿಂಗಿನಲ್ಲಿ ಏಕಕಾಲಕ್ಕೆ ಎಷ್ಟು ರೇಕು ನಿಲ್ಲಬಲ್ಲವು ಎಂಬುದು ನೀರು, ಹೊಗೆ, ಬೂದಿಯ ಪ್ರಶ್ನೆಗಳಷ್ಟೇ ಸಾರ್ವಜನಿಕ ಚರ್ಚೆಗೆ ಬರಬೇಕು.

ಗೂಡ್ಸ್ ಶೆಡ್ಡಿನ ಕಥೆ ಇದಕ್ಕಿಂತ ಭಿನ್ನ, ಏಕೆಂದರೆ ಅಲ್ಲಿ ಯಂತ್ರದ ಜಾಗದಲ್ಲಿ ಹಮಾಲರ ಬೆನ್ನು ಇದೆ. ಮುಂಗಾರಿಗೆ ಮೊದಲು ಡಿಎಪಿ ಗೊಬ್ಬರದ ಒಂದು ರೇಕು ಬಂತೆನ್ನಿ. ಮುಚ್ಚಿದ ವ್ಯಾಗನ್‌ಗಳು 42, ಒಟ್ಟು ಸರಕು ಸುಮಾರು 2,600 ಟನ್. 50 ಕಿಲೋ ಚೀಲದ ಲೆಕ್ಕದಲ್ಲಿ 52 ಸಾವಿರ ಚೀಲ. ಪ್ರತಿಯೊಂದೂ ಒಬ್ಬ ಮನುಷ್ಯನ ಬೆನ್ನಿನ ಮೇಲೆ ವ್ಯಾಗನ್ನಿನಿಂದ ಇಳಿಯಬೇಕು, ಲಾರಿಗೆ ಏರಬೇಕು. ಹತ್ತು ಟನ್ನಿನ ಲಾರಿಯಾದರೆ 260 ಖೇಪು. ರೈಲ್ವೆ ಕೊಡುವ ಬಿಟ್ಟಿ ಹೊತ್ತು ಕೆಲವೇ ತಾಸು. ಮೀರಿದರೆ ವ್ಯಾಗನ್ನಿಗೆ, ತಾಸಿಗೆ ಇಷ್ಟು ಎಂದು ಡೆಮರೇಜ್ ಎಂಬ ದಂಡ ಬೀಳುತ್ತದೆ. ಈಗ ಹಳಿ ಅರ್ಧ ರೇಕಿಗಷ್ಟೇ ಸಾಕಾಗುವಂತಿದ್ದರೆ? ರೇಕನ್ನು ಎರಡು ತುಂಡು ಮಾಡಿ, ಒಂದನ್ನು ಶೆಡ್ಡಿಗೆ ತಳ್ಳಿ, ಇನ್ನೊಂದನ್ನು ಲೂಪಿನಲ್ಲಿಟ್ಟು, ಮೊದಲಿನದು ಖಾಲಿಯಾದ ಮೇಲೆ ಅದಲು ಬದಲು ಮಾಡಬೇಕು. ಈ ಶಂಟಿಂಗ್ ನಡೆಯುವಾಗ ಮೇನ್ ಲೈನ್ ಬಂದ್, ಊರ ನಡುವಿನ ಲೆವೆಲ್ ಕ್ರಾಸಿಂಗ್ ಬಂದ್. ಲಾರಿ ನಿಲ್ಲುವ ಅಂಗಳಕ್ಕೆ ಕಾಂಕ್ರೀಟ್ ಇಲ್ಲದೆ ಕೆಸರಾಗಿದ್ದರೆ, ರಾತ್ರಿ ಕೆಲಸಕ್ಕೆ ಸಾಕಷ್ಟು ದೀಪ ಇಲ್ಲದಿದ್ದರೆ ತಾಸುಗಳು ಮತ್ತೂ ಉರುಳುತ್ತವೆ. ಹಮಾಲರಿಗೆ ನೆರಳು, ಕುಡಿಯುವ ನೀರು, ವಿಶ್ರಾಂತಿಯ ಕೋಣೆ ಕೇಳುವುದನ್ನು ಕಾರ್ಮಿಕ ಕಲ್ಯಾಣದ ಖಾತೆಗೆ ಮಾತ್ರ ಹಾಕಬಾರದು. ಏಪ್ರಿಲ್ ಬಿಸಿಲಿನಲ್ಲಿ ಬಾಗಲಕೋಟೆಯ ಶೆಡ್ಡಿನಲ್ಲಿ ಚೀಲ ಹೊರುವವನ ದಣಿವು ನೇರವಾಗಿ ರೈಲಿನ ವೇಳಾಪಟ್ಟಿಗೆ ತಟ್ಟುತ್ತದೆ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ, ಮುದ್ದಾಪುರ ಮತ್ತು ಯಾದವಾಡದ ಸಿಮೆಂಟ್ ದೂರದ ರಾಜ್ಯಗಳಿಗೆ ಅಗ್ಗವಾಗಿ ಹೋಗಬೇಕಾದರೆ ರೈಲೇ ದಾರಿ. 2021ರ ಡಿಸೆಂಬರಿನಲ್ಲಿ ರೈಲ್ವೆ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿ ತಂದು ಖಾಸಗಿಯವರೂ ಸರಕು ಟರ್ಮಿನಲ್ ಕಟ್ಟಲು ದಾರಿ ಮಾಡಿತು. ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಗಳು ನಾಲ್ಕೈದು ಒಟ್ಟಾಗಿ ಇಂಥ ಒಂದು ಟರ್ಮಿನಲ್ಲಿಗೆ ಕೈಹಾಕಬಹುದೆಂದು ನನಗನಿಸುತ್ತದೆ. ಒಂದೊಂದೇ ಕಾರ್ಖಾನೆಗೆ ಪೂರ್ತಿ ರೇಕು ತುಂಬಿಸುವಷ್ಟು ಸರಕು ದಿನವೂ ಇರುವುದಿಲ್ಲ, ಕೂಡಿದರೆ ಇರುತ್ತದೆ.

ಸರಕು ಇಳಿಸಿ ಏರಿಸುವುದು ಈ ಸೀಮೆಗೆ ಹೊಸದೂ ಅಲ್ಲ. 1876-78ರ ಭೀಕರ ಬರದ ನಂತರ, ಮತ್ತೆ ಬರ ಬಂದರೆ ಧಾನ್ಯ ತಲುಪಿಸಲಿಕ್ಕಾದರೂ ಹಳಿ ಇರಲಿ ಎಂಬ ಉದ್ದೇಶವೂ ಸೇರಿ ಸದರ್ನ್ ಮರಾಠಾ ರೈಲ್ವೆ ಇಲ್ಲಿ ಮೀಟರ್ ಗೇಜ್ ಹಾಕಿತು. ಹೊಟಗಿ-ಗದಗ ಮಾರ್ಗ 1884ರಲ್ಲಿ ತೆರೆಯಿತು. ಹೊಟಗಿಯಲ್ಲಿ ಮುಂಬೈ ಕಡೆಯ ಬ್ರಾಡ್ ಗೇಜ್ ಎದುರಾಗುತ್ತಿತ್ತು, ಮಿರಜದಲ್ಲಿ ಒಂದು ಕಾಲಕ್ಕೆ ಬ್ರಾಡ್, ಮೀಟರ್, ನ್ಯಾರೋ ಮೂರೂ ಗೇಜುಗಳು ಕೂಡುತ್ತಿದ್ದವು. ಹಳಿಯ ಅಗಲ ಬದಲಾದಲ್ಲೆಲ್ಲ ಪ್ರತಿ ಚೀಲ, ಪ್ರತಿ ಹತ್ತಿಯ ಅಂಡಿಗೆ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೋಗಬೇಕಿತ್ತು. ಗೇಜ್ ಪರಿವರ್ತನೆಯಿಂದ ನಮಗೆ ಸಿಕ್ಕ ದೊಡ್ಡ ಲಾಭ ಆ ಕೆಲಸ ತಪ್ಪಿದ್ದು.

ಪ್ರಯಾಣಿಕರ ಗಾಡಿಗಳ ವಿಷಯಕ್ಕೆ ಬಂದರೆ, ಹೊಸ ಗಾಡಿ ಬೇಕೆಂದಾಗ ಅಧಿಕಾರಿಗಳಿಂದ ಬರುವ ಉತ್ತರದಲ್ಲಿ ಟರ್ಮಿನಲ್ ಸೌಲಭ್ಯದ ಕೊರತೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಜನ ಅದನ್ನು ನೆಪ ಎಂದು ತಿಳಿಯುತ್ತಾರೆ. ಕೆಲವೊಮ್ಮೆ ನೆಪವೇ ಇರಬಹುದು, ಆದರೆ ಅದರ ಹಿಂದಿನ ಕೆಲಸ ನಿಜವಾದದ್ದು. ದೂರದ ಪ್ರಯಾಣ ಮುಗಿಸಿದ ಗಾಡಿಯನ್ನು ಹಾಗೇ ತಿರುಗಿಸಿ ಕಳಿಸಲಾಗುವುದಿಲ್ಲ. ಅದನ್ನು ಪಿಟ್ ಲೈನಿಗೆ ಒಯ್ಯಬೇಕು. ಹಳಿಯ ಕೆಳಗೆ ಉದ್ದಕ್ಕೂ ಆಳು ನಿಂತು ಓಡಾಡುವಷ್ಟು ಆಳದ ಕಾಲುವೆ ತೋಡಿರುತ್ತಾರೆ. ಕೆಲಸದವರು ಅದರಲ್ಲಿ ಇಳಿದು ಟಾರ್ಚ್ ಹಿಡಿದು ಒಂದೊಂದೇ ಚಕ್ರ, ಸ್ಪ್ರಿಂಗು, ಬ್ರೇಕ್ ಬ್ಲಾಕು ನೋಡುತ್ತ ಹೋಗುತ್ತಾರೆ; ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳುತ್ತಾರೆ. ಮೇಲೆ ತೊಳೆಯುವವರು, ನೀರು ತುಂಬುವವರು, ಹಾಸಿಗೆ ಬದಲಿಸುವವರು, ಬ್ಯಾಟರಿ ನೋಡುವವರು. ಕೊನೆಗೆ ಬ್ರೇಕಿನ ಗಾಳಿಯ ಒತ್ತಡ ಪರೀಕ್ಷಿಸಿ ಸರ್ಟಿಫಿಕೇಟ್ ಬರೆದ ಮೇಲೆಯೇ ಗಾಡಿ ಪ್ಲಾಟ್‌ಫಾರ್ಮಿಗೆ. ಇಷ್ಟಕ್ಕೆ ಆರು ತಾಸಿನ ಆಸುಪಾಸು ಬೇಕು. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಒಂದಕ್ಕೆ ಸುಮಾರು 24 ಮೀಟರ್. 22 ಬೋಗಿಯ ಗಾಡಿಗೆ ಅರ್ಧ ಕಿಲೋಮೀಟರ್ ಮೀರಿದ ಪಿಟ್ ಬೇಕು. ಸರದಿ ಬರುವ ತನಕ ಕಾಯಲು ಸ್ಟೇಬಲಿಂಗ್ ಲೈನ್ ಬೇಕು. ಅದಿಲ್ಲದಿದ್ದರೆ ಖಾಲಿ ಗಾಡಿ ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತದೆ, ಬರುವ ಗಾಡಿ ಔಟರಿನಲ್ಲಿ.

ಒಂದು ಪಿಟ್ ಲೈನಿನಲ್ಲಿ ದಿನಕ್ಕೆ ಮೂರು, ಬಹಳ ಒತ್ತಿದರೆ ನಾಲ್ಕು ಗಾಡಿಗಳ ಕೆಲಸ ಆಗಬಹುದು. ಅಲ್ಲಿಗೆ ಒಂದು ಊರಿನಿಂದ ಹೊರಡಬಹುದಾದ ದೂರದ ಗಾಡಿಗಳ ಸಂಖ್ಯೆಗೆ ಮಿತಿ ಬಿತ್ತು. ಹುಬ್ಬಳ್ಳಿಗೆ ಬಂದು ನಿಲ್ಲುವ ಗಾಡಿಯನ್ನು ನಮ್ಮ ಕಡೆಗೆ ವಿಸ್ತರಿಸಿ ಎನ್ನುವಾಗ ಕೇಳಬೇಕಾದ ಪ್ರಶ್ನೆ ಇದೇ: ಇಲ್ಲಿಗೆ ಬಂದ ಮೇಲೆ ಅದು ಎಲ್ಲಿ ನಿಲ್ಲುತ್ತದೆ, ಯಾರು ನೋಡಿಕೊಳ್ಳುತ್ತಾರೆ? 1,507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿ ಅಷ್ಟೊಂದು ಗಾಡಿಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಂಡಿದ್ದಕ್ಕೆ ಅದರ ಯಾರ್ಡು, ವರ್ಕ್‌ಶಾಪು, ಪಿಟ್ ಲೈನುಗಳು ಕಾರಣ.

ಬೆಳಗಾವಿ ಈ ದಿಕ್ಕಿನಲ್ಲಿ ತುಸು ಮುಂದೆ ಬಂದಿದೆ. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದ 2019-20ರಲ್ಲಿ ಬೆಳಗಾವಿಯಿಂದಲೇ ಹೊರಟು ಬೆಂಗಳೂರಿಗೆ ಹೋಗುವ ರಾತ್ರಿ ಗಾಡಿ ಬಂತು. ಆಮೇಲೆ ಪಿಟ್ ಲೈನ್ ಬಂತು. 2025ರ ಆಗಸ್ಟ್ 10ರಂದು ಬೆಂಗಳೂರು-ಬೆಳಗಾವಿ ವಂದೇ ಭಾರತ್ ಶುರುವಾಯಿತು. ಆ ಗಾಡಿಯ ವೇಳೆ ಗಮನಿಸಿ: ನಸುಕಿನಲ್ಲಿ ಬೆಳಗಾವಿ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟುತ್ತದೆ, ಅಲ್ಲಿ ಅರ್ಧ ತಾಸಿನಷ್ಟೇ ನಿಂತು ಹಿಂತಿರುಗಿ ರಾತ್ರಿ ಬೆಳಗಾವಿಗೆ ಬರುತ್ತದೆ. ಎರಡೂ ತುದಿಗೆ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಒಯ್ದು ಜೋಡಿಸುವ ಕೆಲಸ ಅದಕ್ಕಿಲ್ಲ, ಅರ್ಧ ತಾಸು ಸಾಲುತ್ತದೆ. ಬೆಂಗಳೂರಿನ ದುಬಾರಿ ಪ್ಲಾಟ್‌ಫಾರ್ಮಿನಲ್ಲಿ ಕಡಿಮೆ ಹೊತ್ತು, ರಾತ್ರಿಯ ದೀರ್ಘ ನಿಲುಗಡೆ ಬೆಳಗಾವಿಯಲ್ಲಿ. ರಾತ್ರಿ ಗಾಡಿ ನಿಲ್ಲಿಸಲು ಜಾಗ ಇರುವ ಊರಿಗೆ ಬೆಳಗಿನ ಗಾಡಿ ಸಿಗುತ್ತದೆ. ಈ ಸತ್ಯವನ್ನು ವಿಜಯಪುರ, ಬಾಗಲಕೋಟೆಯ ಹೋರಾಟಗಾರರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಇನ್ನೊಂದು ತುದಿಯ ಕಷ್ಟವೂ ನಮ್ಮದೇ. ಬೆಂಗಳೂರಿನ ಮೆಜೆಸ್ಟಿಕ್ಕು, ಯಶವಂತಪುರಗಳಲ್ಲಿ ಜಾಗ ಮುಗಿದಿದ್ದರಿಂದಲೇ 2022ರಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದದ್ದು. ಅಲ್ಲಿ 7 ಪ್ಲಾಟ್‌ಫಾರ್ಮ್, 8 ಸ್ಟೇಬಲಿಂಗ್ ಲೈನ್, 3 ಪಿಟ್ ಲೈನ್. ಉತ್ತರ ಕರ್ನಾಟಕದ ಗಾಡಿ ಮೆಜೆಸ್ಟಿಕ್ಕಿಗೆ ಹೋಗದೆ ನಡುವೆ ಎಲ್ಲೋ ಇಳಿಸುತ್ತದೆ ಎಂಬ ನಮ್ಮವರ ದೂರು ಈ ಕೊರತೆಯ ಮಗು.

ಲೂಪಿನ ಬಗ್ಗೆ ಬರೆಯುವಾಗ ಅಪಾಯದ ಮಾತನ್ನು ಬಿಡುವಂತಿಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಾಗ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೇನ್ ಲೈನಿನ ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಲೂಪಿಗೆ ತಿರುಗಿತ್ತು. ಲೂಪಿನಲ್ಲಿ ಅದಿರು ತುಂಬಿದ ಗೂಡ್ಸ್ ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ವೈರಿಂಗಿನಲ್ಲಿ ಹಿಂದೆ ಮಾಡಿದ್ದ ಬದಲಾವಣೆಯ ತಪ್ಪನ್ನು ತನಿಖೆ ಎತ್ತಿ ತೋರಿಸಿತು. 2024ರ ಅಕ್ಟೋಬರ್ 11ರಂದು ಚೆನ್ನೈ ಹತ್ತಿರದ ಕವರೈಪೇಟೈನಲ್ಲಿ ಮೈಸೂರಿನಿಂದ ದರ್ಭಂಗಾಕ್ಕೆ ಹೊರಟಿದ್ದ ಬಾಗಮತಿ ಎಕ್ಸ್‌ಪ್ರೆಸ್ ಹೀಗೇ ಲೂಪಿಗೆ ನುಗ್ಗಿ ಗೂಡ್ಸ್ ಗಾಡಿಗೆ ಬಡಿಯಿತು. ಅದೃಷ್ಟಕ್ಕೆ ಜೀವಹಾನಿ ಆಗಲಿಲ್ಲ.

ಇದನ್ನು ತಡೆಯುವ ವ್ಯವಸ್ಥೆಯನ್ನು ಇಂಟರ್‌ಲಾಕಿಂಗ್ ಎನ್ನುತ್ತಾರೆ. ಪಾಯಿಂಟ್ ಯಾವ ಕಡೆ ಕೂತು ಬೀಗ ಬಿದ್ದಿದೆಯೋ ಆ ದಾರಿಗಷ್ಟೇ ಸಿಗ್ನಲ್ ಹಸಿರಾಗಬೇಕು. ಅದರ ಪರೀಕ್ಷೆ ಸರಳ, ಆದರೆ ಕಟ್ಟುನಿಟ್ಟು. ಸರಿಯುವ ಹಳಿಯ ಮೂತಿಗೂ ಸ್ಥಿರ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ತುಂಡನ್ನು ಇಟ್ಟು ಮೋಟಾರ್ ತಿರುಗಿಸುತ್ತಾರೆ. ಆಗ ಪಾಯಿಂಟಿಗೆ ಬೀಗ ಬೀಳಕೂಡದು, ಸಿಗ್ನಲ್ ಹಸಿರಾಗಕೂಡದು. ಬಿದ್ದರೆ ಆ ಪಾಯಿಂಟ್ ನಂಬುವಂತಿಲ್ಲ. ಬಿಸಿಲು ಮಳೆಯೆನ್ನದೆ ಇದನ್ನು ಮಾಡುವ ಸಿಗ್ನಲ್ ಸಿಬ್ಬಂದಿಗೆ ಗಾಡಿಗಳ ನಡುವೆ ಸಾಕಷ್ಟು ಬಿಡುವು ಸಿಗಬೇಕು. ಒಂದೇ ಲೂಪ್ ಇರುವ, ಸದಾ ಗಾಡಿ ತುಂಬಿರುವ ಯಾರ್ಡಿನಲ್ಲಿ ಆ ಬಿಡುವು ಸಿಗುವುದಿಲ್ಲ, ಕೆಲಸ ಅವಸರದಲ್ಲಿ ಮುಗಿಯುತ್ತದೆ. ಹೆಚ್ಚುವರಿ ಲೂಪ್ ವೇಳೆಯನ್ನಷ್ಟೇ ಉಳಿಸುವುದಿಲ್ಲ, ರಿಪೇರಿಗೂ ಅವಕಾಶ ಕೊಡುತ್ತದೆ. ಯಾರ್ಡನ್ನು ತುಂಬಿ ತುಳುಕಿಸಿ ಓಡಿಸುವುದನ್ನು ದಕ್ಷತೆ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಹಳೆಯ ಊರುಗಳಲ್ಲಿ ಯಾರ್ಡ್ ಬೆಳೆಸುವುದು ಈಗ ಕಷ್ಟ. ಬೆಳಗಾವಿಯನ್ನೇ ನೋಡಿ: ಟಿಳಕವಾಡಿಯಲ್ಲಿ ಮನೆಯ ಗುರುತು ಹೇಳುವಾಗ ಒಂದನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎನ್ನುತ್ತಾರೆ. ಊರು ಹಳಿಗೆ ಅಷ್ಟು ಒತ್ತಿಕೊಂಡು ಬೆಳೆದಿದೆ. ಲೂಪನ್ನು ನೂರು ಮೀಟರ್ ಚಾಚಬೇಕೆಂದರೆ ಒಂದು ರಸ್ತೆಗೆ ಮೇಲ್ಸೇತುವೆ ಕಟ್ಟಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಸರಕಿನ ಕೆಲಸವನ್ನು ಊರ ಹೊರಗಿನ ಸ್ಟೇಷನ್ನಿಗೆ ಸಾಗಿಸಿ ನಡುಊರಿನ ಹಳಿಗಳನ್ನು ಪ್ರಯಾಣಿಕರ ಗಾಡಿಗಳಿಗೆ ಬಿಡುವುದು ಸರಿಯಾದ ದಾರಿ.

ಹೊಸ ಮಾರ್ಗಗಳಲ್ಲಿ ಮಾತ್ರ ಇನ್ನೂ ಅವಕಾಶವಿದೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಬರಬೇಕಾದ 73 ಕಿ.ಮೀ. ಮಾರ್ಗ ಲೋಂಡಾದ ಸುತ್ತು ತಪ್ಪಿಸುತ್ತದೆ. ಅದು ಬಂದ ದಿನ ಬೆಳಗಾವಿ ಯಾರ್ಡಿಗೆ ಮೂರನೆಯ ದಿಕ್ಕಿನಿಂದಲೂ ಗಾಡಿಗಳು ಬರತೊಡಗುತ್ತವೆ. 2010-11ರಲ್ಲಿ ಮಂಜೂರಾದ 142 ಕಿ.ಮೀ. ಬಾಗಲಕೋಟೆ-ಕುಡಚಿ ಮಾರ್ಗದಲ್ಲಿ ಖಜ್ಜಿಡೋಣಿ ತನಕದ ಸುಮಾರು 30 ಕಿ.ಮೀ. ಮೊದಲು ಮುಗಿದು, ಹಳಿ ಲೋಕಾಪುರದ ಕಡೆ ಸಾಗಿದೆ. ಮುಂದೆ ಮುಧೋಳ, ಜಮಖಂಡಿಯ ಕಬ್ಬಿನ ಸೀಮೆ. ಭೂಸ್ವಾಧೀನಕ್ಕಾಗಿ ಜಮೀನು ಅಳೆಯುವ ಹೊತ್ತಿಗೇ ಪ್ರತಿ ಸ್ಟೇಷನ್ನಿನ ಯಾರ್ಡಿನ ಅಗಲ ನಿಶ್ಚಯವಾಗಿಬಿಡುತ್ತದೆ. ಅಲ್ಲಿ ಎಷ್ಟು ಲೂಪ್, ಎಷ್ಟು ಉದ್ದ, ಸಕ್ಕರೆ ಮತ್ತು ಸಿಮೆಂಟ್ ತುಂಬಲು ಪೂರ್ತಿ ರೇಕಿನ ಸೈಡಿಂಗ್ ಎಲ್ಲಿ, ಮುಂದೆ ಎರಡನೇ ಹಳಿಗೆ ಜಾಗ ಬಿಟ್ಟಿದ್ದಾರೋ ಇಲ್ಲವೋ ಎಂಬುದನ್ನು ನಕ್ಷೆ ತರಿಸಿಕೊಂಡು ಕೇಳಬೇಕಾದದ್ದು ಈಗ. ಎಕರೆ ಎರಡೆಕರೆ ಹೆಚ್ಚು ಜಮೀನು ಇವತ್ತು ಒಂದೇ ನೋಟಿಸಿನಲ್ಲಿ ಬರುತ್ತದೆ. ಊರು ಬೆಳೆದ ಮೇಲೆ ಅದೇ ಜಮೀನಿಗೆ ಮತ್ತೊಮ್ಮೆ ಸ್ವಾಧೀನ, ಮತ್ತೊಮ್ಮೆ ಪರಿಹಾರದ ಕೋರ್ಟು ಕಚೇರಿ.